ನೀಡಿದವರ ಸಹಿ

"ನಿನ್ನ ತಲೆಯೊಳಗೆ ಮಿದುಳು ಉಂಟಾ, ಬುಟ್ಟಿ ಹೆಣೆಯುವ ಬಳ್ಳಿ ಉಂಟಾ? ಎರಡು ವರ್ಷದ ಡೈರಿ ಅಂದ ಮೇಲೆ ನಾಲ್ಕು ನಮೂನೆ ಪೆನ್ನು ಬೇಡವಾ? ಎಲ್ಲ ಒಂದೇ ನೀಲಿಯಲ್ಲಿ ಗೀಚಿಟ್ಟಿದ್ದೀಯಲ್ಲ. ಒಂದೇ ದಿನ ಕೂತು ಬರ್ದದ್ದು ಅಂತ ಕುರುಡನಿಗೂ ಗೊತ್ತಾಗ್ತದೆ."

ವಿನೋದಿನಿ ಮೇಡಂ ಡೈರಿಯನ್ನು ಎಸೆಯಲಿಲ್ಲ. ಅವರು ಯಾವುದನ್ನೂ ಎಸೆಯುವವರಲ್ಲ. ಎರಡು ಬೆರಳಿನಲ್ಲಿ ಎತ್ತಿ, ಕುಶಲಾಳ ಕೈ ತಾಗದ ಹಾಗೆ ಮೇಜಿನ ಅಂಚಿಗೆ ತಂದು ಬಿಟ್ಟರು. ಅದು ಜಾರಿ ನೆಲಕ್ಕೆ ಬಿತ್ತು. ಕುಶಲಾ ಬಗ್ಗಿ ಹೆಕ್ಕಿದಳು.

"ಬದಲಾಯಿಸ್ತೇನೆ ಮೇಡಂ."

"ಕಪ್ಪಿನಲ್ಲಿ ಹತ್ತು ಬರಿ. ಹಸಿರಿನಲ್ಲಿ ಒಂದೆರಡು. ಸಹಿ ಓರೆಕೋರೆ ಇರಲಿ, ಮಕ್ಕಳ ಸಹಿ ಅಲ್ವಾ." ಬಾಗಿಲಿನವರೆಗೆ ಹೋದ ಮೇಡಂ ತಿರುಗಿ ನಿಂತು ನಕ್ಕರು. ಅವರ ನಗು ಚಂದ. "ಬೇಸರ ಮಾಡ್ಬೇಡ ಮಗಾ. ನಿನ್ನ ಒಳ್ಳೆಯದಕ್ಕೇ ಹೇಳುದು."

ಕಾಪುವಿನಲ್ಲಿ ಹೆದ್ದಾರಿಯಿಂದ ತುಸು ಒಳಗಿರುವ ಆ ಕಾಲೇಜಿಗೆ ಗುರುವಾರ ಪರಿಶೀಲನಾ ತಂಡ ಬರುವುದಿತ್ತು. ಬೇರೆ ಕಾಲೇಜುಗಳಲ್ಲಿ ಇಲ್ಲದ್ದು ಇಲ್ಲಿ ಒಂದಿತ್ತು, ‘ಮಡಿಲು’. ವಿನೋದಿನಿ ಮೇಡಂ ಕಟ್ಟಿದ ಯೋಜನೆ. ಪ್ರತಿ ವಿದ್ಯಾರ್ಥಿಗೂ ಒಬ್ಬ ಮಾರ್ಗದರ್ಶಕರು. ತಿಂಗಳಿಗೊಮ್ಮೆ ಎದುರು ಬದುರು ಕೂತು ಮನೆಯ ಕಷ್ಟ, ಮನಸ್ಸಿನ ಕಷ್ಟ, ಪಾಠದ ಕಷ್ಟ ಕೇಳಬೇಕು, ಸಲಹೆ ಹೇಳಬೇಕು, ಡೈರಿಯಲ್ಲಿ ಬರೆದಿಡಬೇಕು. ಇದಕ್ಕಾಗಿ ಮೇಡಂಗೆ ಎರಡು ಪ್ರಶಸ್ತಿಗಳು ಬಂದಿದ್ದವು. ಡೈರಿಗಳು ಮಾತ್ರ ಮುದ್ರಣಾಲಯದಿಂದ ಬಂದ ಕಟ್ಟಿನಲ್ಲೇ ಇದ್ದವು. ಆ ಕಟ್ಟು ಬಿಚ್ಚಿದ್ದು ಮೊನ್ನೆ ಶನಿವಾರ. ಮೇಡಂ ಪಾಲಿನ ನಲವತ್ತೆರಡು ವಿದ್ಯಾರ್ಥಿಗಳ ಎರಡು ವರ್ಷದ ಕಷ್ಟಗಳನ್ನು ನಾಲ್ಕು ದಿನದಲ್ಲಿ ಹುಟ್ಟಿಸಿ, ನಾಲ್ಕು ದಿನದಲ್ಲೇ ಪರಿಹರಿಸುವ ಕೆಲಸ ಕುಶಲಾಳ ಪಾಲಿಗೆ ಬಂದಿತ್ತು. ಜೊತೆಗೆ ಕಟಪಾಡಿಯ ಲೊರ್ನಾ. ಇಬ್ಬರೂ ಮೇಡಂ ಕೈಕೆಳಗೆ ಸಂಶೋಧನೆ ಮಾಡುವವರು.

"ಈ ರಿತೇಶನಿಗೆ ಎಂತ ಕಷ್ಟ ಕೊಡುದು?" ಲೊರ್ನಾ ಕೇಳಿದಳು.

"ಮೊಬೈಲಿನ ಚಟ."

"ಅದು ಒಂಬತ್ತು ಜನಕ್ಕೆ ಕೊಟ್ಟಾಯ್ತು ಮಾರಾಯ್ತಿ. ಇದು ಕಾಲೇಜಾ, ಆಸ್ಪತ್ರೆಯಾ ಅಂತ ಕೇಳಿಯಾರು."

"ಹಾಗಾದ್ರೆ ಆತ್ಮವಿಶ್ವಾಸದ ಕೊರತೆ."

"ರಿತೇಶನಿಗಾ? ಕನ್ನಡಿ ಕಂಡಲ್ಲೆಲ್ಲ ನಿಲ್ಲುವವ ಅವನು." ಆದರೂ ಬರೆದಳು. "ಮೇಡಂ ಸಲಹೆ?"

"‘ನೀನು ಒಬ್ಬನೇ ಅಲ್ಲ. ನಾವೆಲ್ಲ ನಿನ್ನ ಜೊತೆ ಇದ್ದೇವೆ.’"

"ಓದಿದ್ರೆ ನನಗೇ ಮೇಡಂ ಮೇಲೆ ಪ್ರೀತಿ ಬರ್ತದೆ," ಎಂದು ಲೊರ್ನಾ ಪುಟ ಮಗುಚಿದಳು.

ಕೊನೆಯ ಡೈರಿ ಕುಶಲಾಳದ್ದೇ. ಅದನ್ನು ಬರೆಯುವಾಗ ಮೇಡಂ ಸ್ವತಃ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. "ತಂಡದವರು ಮೊದಲು ಕೇಳುದು ನಿನ್ನದನ್ನೇ. ಕೊರಗರ ಹುಡುಗಿ ಪಿಎಚ್‌ಡಿ ಮಾಡುದು ಎಷ್ಟು ಕಾಲೇಜಲ್ಲಿ ಉಂಟು ಹೇಳು? ನಿನಗೆ ದೊಡ್ಡ ಕಷ್ಟವೇ ಬೇಕು. ನಾನು ಹೇಳ್ತೇನೆ, ಬರಿ. ‘ನಾನು ಖಿನ್ನತೆಗೆ ಒಳಗಾಗಿದ್ದೆ. ಎಲ್ಲರ ಮೇಲೂ ಅನುಮಾನ. ಜನ ನನ್ನನ್ನು ಕೀಳಾಗಿ ಕಾಣುತ್ತಾರೆ ಎಂಬ ಭ್ರಮೆ. ಮೇಡಂ ಅವರ ಆಪ್ತ ಮಾತಿನಿಂದ ಹೊರಗೆ ಬಂದೆ.’ ಭ್ರಮೆ ಅಂತಲೇ ಬರಿ. ಆಮೇಲೆ ಸಹಿ ಹಾಕು."

ಕುಶಲಾ ಬರೆದಳು. ಬರೆಯುವಾಗ ಅವಳ ಕಣ್ಣು ಮೇಡಂ ಕೋಣೆಯ ಕಪಾಟಿನ ತಲೆಯ ಮೇಲಿತ್ತು. ಅಲ್ಲಿ ಅವಳ ಪ್ರಬಂಧದ ಐದು ಪ್ರತಿಗಳು ಆಕಾಶನೀಲಿ ರಟ್ಟು ಹಾಕಿಸಿಕೊಂಡು ಮೂರು ವಾರದಿಂದ ಕೂತಿದ್ದವು. ಒಂದೊಂದರ ಒಳಗೂ ಬಿಡಿಯಾಗಿ ಇಟ್ಟಿದ್ದ ಪ್ರಮಾಣಪತ್ರದ ಹಾಳೆಗೆ ಮಾರ್ಗದರ್ಶಕರ ಸಹಿ ಬಿದ್ದರೆ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಬಹುದು. ಆರು ವರ್ಷದ ಅವಧಿ ಈ ಶನಿವಾರಕ್ಕೆ ಮುಗಿಯುತ್ತಿತ್ತು. ಮುಗಿದರೆ ನೋಂದಣಿಯೇ ರದ್ದು. ಮತ್ತೆ ಮೊದಲಿನಿಂದ.

"ಮೇಡಂ, ಆ ಸಹಿ…"

"ತಂಡ ಹೋಗಲಿ ಮಗಾ. ಶುಕ್ರವಾರ ನಿನ್ನ ಕೆಲಸವೇ ಮೊದಲು."

ವಿಭಾಗದ ಮೂಲೆಯಲ್ಲಿ ಗಾಜಿನ ಕಪಾಟೊಂದಿತ್ತು. ಮೇಲೆ ‘ಕೊರಗ ಸಂಸ್ಕೃತಿ ಸಂಗ್ರಹ’ ಎಂಬ ಫಲಕ. ಒಳಗೆ ಬುಟ್ಟಿ, ಡೋಲು, ಬಿದಿರಿನ ಕೊಳಲು, ತೆಂಗಿನ ಚಿಪ್ಪಿನ ಸೌಟು. ಒಂದೊಂದರ ಕೆಳಗೂ ಬಿಳಿ ಚೀಟಿ. ವಸ್ತು, ದೊರೆತ ಸ್ಥಳ, ಕಾಲ, ಬಳಕೆ, ಸಂಗ್ರಹಿಸಿದವರು, ನೀಡಿದವರು. ಕೊನೆಗೆ ನೀಡಿದವರ ಸಹಿ. ಸಹಿ ಇಲ್ಲದೆ ಒಂದು ಕಡ್ಡಿಯೂ ಕಪಾಟಿನ ಒಳಗೆ ಹೋಗಬಾರದೆಂಬುದು ಮೇಡಂ ನಿಯಮ. "ನಾಳೆ ಯಾರೂ ಕದ್ದದ್ದು ಅನ್ನಬಾರದು." ಕಪಾಟಿನ ಬೀಗದ ಕೈ ಇರುವುದು ಕುಶಲಾಳ ಬಳಿ. ಧೂಳು ಒರೆಸುವವಳು ಅವಳೇ.

ಒಳಗಿನ ಬುಟ್ಟಿ ಅವಳ ಅಮ್ಮ ಅಪ್ಪಿ ಹೆಣೆದದ್ದು. ಅಪ್ಪಿ ಕಾರ್ಕಳ ಪೇಟೆ ಗುಡಿಸುವ ಕೆಲಸದವಳು. ಸಂಬಳದ ಪಟ್ಟಿಯಲ್ಲಿ ದುಂಡಗೆ ತನ್ನ ಹೆಸರು ಬರೆಯುತ್ತಾಳೆ. ಬುಟ್ಟಿಯ ಚೀಟಿಗೆ ಸಹಿ ಹಾಕಲು ಪೆನ್ನು ಹಿಡಿದಾಗ ಮೇಡಂ ತಡೆದಿದ್ದರು.

"ಬೇಡ ಬೇಡ. ಹೆಬ್ಬೆಟ್ಟು ಒತ್ತಿಸು. ಅಥೆಂಟಿಕ್ ಆಗಿರ್ತದೆ."

ಅಪ್ಪಿ ಮಗಳ ಮುಖ ನೋಡಿದಳು. ಮಗಳು ನೆಲ ನೋಡಿದಳು. ಅಪ್ಪಿ ಶಾಯಿಯ ಡಬ್ಬಿಗೆ ಹೆಬ್ಬೆಟ್ಟು ಒತ್ತಿದಳು.

ಸೆಮಿನಾರುಗಳಲ್ಲಿ ಮೇಡಂ ಕುಶಲಾಳನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. "ನನ್ನ ಮಗಳಿದ್ದ ಹಾಗೆ. ಇವಳ ಕನ್ನಡ ಕೇಳಿ, ಕೊರಗರವಳು ಅಂತ ಹೇಳಲಿಕ್ಕೇ ಆಗುದಿಲ್ಲ." ಜನ ಚಪ್ಪಾಳೆ ತಟ್ಟುತ್ತಿದ್ದರು. ವಿಭಾಗದ ಕಾಫಿಯ ಲೋಟಗಳಲ್ಲಿ ಒಂದರ ತಳಕ್ಕೆ ಮಾತ್ರ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಚುಕ್ಕೆ ಇದ್ದದ್ದನ್ನು ಮೊದಲು ಕಂಡವಳು ಲೊರ್ನಾ. "ನನ್ನ ಲೋಟಕ್ಕೆ ಕುಂಕುಮ ಇಲ್ಲ, ನಿನ್ನದಕ್ಕೆ ಮಾತ್ರ ಉಂಟಲ್ಲ," ಎಂದಿದ್ದಳು. ಕುಶಲಾ ಅದನ್ನು ಎರಡು ವರ್ಷ ಮೊದಲೇ ಕಂಡಿದ್ದಳು. ಹೇಳಿರಲಿಲ್ಲ. ಹೇಳಿದರೆ ನಿಜವಾಗುತ್ತದೆ ಎಂದು ಅವಳಿಗೆ ಅನಿಸುತ್ತಿತ್ತು.

ಅವಳ ಪ್ರಬಂಧದ ನಾಲ್ಕನೆಯ ಅಧ್ಯಾಯ ಅಜಲಿನ ಬಗ್ಗೆ. ದೊಡ್ಡ ಮನೆಗಳಲ್ಲಿ ಬಸುರಿಗೋ ಕಾಯಿಲೆಯವರಿಗೋ ಕಂಟಕ ಬಂದಾಗ, ಅವರ ಕೂದಲು ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದರು. ತಿಂದವರಿಗೆ ಕಂಟಕ ದಾಟಿ ಹೋಗುತ್ತದೆ ಎಂದು ನಂಬಿಕೆ. ಕಾನೂನು ಅದನ್ನು ನಿಷೇಧಿಸಿ ಇಪ್ಪತ್ತು ವರ್ಷ ದಾಟಿತು. ಅಪ್ಪಿ ಹರೆಯದಲ್ಲಿ ಅದನ್ನು ತಿಂದವಳು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದವಳು, ಮಗಳು ಕೇಳಿದಳೆಂದು, ಒಂದು ಮಧ್ಯಾಹ್ನ ಬಳ್ಳಿ ಸೀಳುತ್ತಾ ಹೇಳಿದ್ದಳು. ಆ ಒಂದು ಮನೆಯವರ ಕ್ರಮ ಹೇಗಿತ್ತು ಎಂದರೆ, ಹಿಂಬಾಗಿಲಲ್ಲೇ ಕೊಡಬೇಕು. ಬಸುರಿ ಪಾತ್ರೆಯ ಸುತ್ತ ಮೂರು ಸಲ ಕೈ ನಿವಾಳಿಸಬೇಕು. ಮೊದಲ ತುತ್ತು ಗಂಟಲಿಳಿಯುವುದನ್ನು ಕೊಟ್ಟವರು ಕಣ್ಣಾರೆ ನೋಡಬೇಕು. ಪಾತ್ರೆ ಮನೆಗೆ ಹಿಂದೆ ಬರಬಾರದು.

ಕುಶಲಾ ಅಷ್ಟನ್ನೂ ಬರೆದಳು. ಮೇಡಂ ಆ ಪುಟದ ಬದಿಗೆ ಪೆನ್ಸಿಲಿನಲ್ಲಿ ‘ವಿವರ ಸಾಲದು’ ಎಂದು ಗುರುತು ಮಾಡಿದರು. ಎದುರು ಕೂರಿಸಿ ಒಂದು ಗಂಟೆ ಕೇಳಿದರು. ಅನ್ನವಾ, ಪಾಯಸವಾ. ಎಷ್ಟನೇ ತಿಂಗಳಲ್ಲಿ. ಉಗುರು ಕೈಯದ್ದಾ, ಕಾಲಿನದ್ದಾ. ಆರು ವರ್ಷದಲ್ಲಿ ಅವರು ಅವಳನ್ನು ಅಷ್ಟು ಹೊತ್ತು ಕೇಳಿಸಿಕೊಂಡದ್ದು ಆ ದಿನ ಮಾತ್ರ. ಕುಶಲಾ ಖುಷಿಯಲ್ಲಿ ಅಮ್ಮನನ್ನು ಮತ್ತೆ ಕೇಳಿ, ತಿಳಿದುಕೊಂಡು ಬಂದು ಎಲ್ಲವನ್ನೂ ಒಪ್ಪಿಸಿದಳು. ಆಮೇಲೆ ಅದು ಲೇಖನವಾಗಿ ಮೇಡಂ ಹೆಸರಿನಲ್ಲಿ ಬಂತು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಕ್ಷೇತ್ರ ಸಹಾಯ: ಕುಶಲಾ’.

ಮಂಗಳವಾರ ಮಧ್ಯಾಹ್ನ ಮೇಡಂ ಫೋನು ಮಾಡಿದರು. "ಮನೆಗೆ ಬಾ ಮಗಾ. ಪ್ರಮಾಣಪತ್ರದ ಹಾಳೆಗಳನ್ನು ತಕೊಂಡು ಬಾ. ಶುಕ್ರವಾರದವರೆಗೆ ಯಾಕೆ, ಇವತ್ತೇ ಹಾಕಿಬಿಡ್ತೇನೆ."

ಲೊರ್ನಾ ಅವಳನ್ನು ಬಸ್ಸು ಹತ್ತಿಸಿದಳು. "ಬೇಗ ಹೋಗು. ಮನಸ್ಸು ಬದಲಾಗುವ ಮೊದಲು ಹಾಕಿಸಿಕೊ."

ಮಣಿಪಾಲದಲ್ಲಿ ಮೇಡಂ ಮನೆಗೆ ಕುಶಲಾ ಬಹಳ ಸಲ ಹೋಗಿದ್ದಳು. ಪುಸ್ತಕದ ಧೂಳು ತೆಗೆಯಲು, ಉತ್ತರಪತ್ರಿಕೆ ಹೊರಲು. ಎದುರಿನ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಿಂದ ಒಳಗೆ ಹೋದದ್ದು ಪುಸ್ತಕದ ಕೋಣೆಗೆ ಮಾತ್ರ. ಈ ಸಲ ಮೇಡಂ ಗೇಟಿನಲ್ಲೇ ನಿಂತಿದ್ದರು.

"ಹಿಂಬದಿಯಿಂದ ಬಾ. ಎದುರಿನ ಬಾಗಿಲಿಗೆ ಬಣ್ಣ ಬಳಿದದ್ದು."

ಬಾಗಿಲು ಒಣಗಿಯೇ ಇತ್ತು. ಬಣ್ಣದ ವಾಸನೆಯೂ ಇರಲಿಲ್ಲ. ಕುಶಲಾ ನೋಡಿದಳು, ಸುಮ್ಮನೆ ಹಿಂಬದಿಗೆ ಸುತ್ತಿದಳು.

ಹಿಂದಿನ ಜಗಲಿಯಲ್ಲಿ ಮಣೆ ಹಾಕಿತ್ತು. ಕಿಟಕಿಯ ಕಟ್ಟೆಯ ಮೇಲೆ ಪೆನ್ನು. ಅವಳು ಕೊಟ್ಟ ಐದು ಹಾಳೆಗಳನ್ನು ಮೇಡಂ ಅಲ್ಲಿಯೇ ಇಟ್ಟು, ಹಾರದ ಹಾಗೆ ಮೇಲೆ ಕನ್ನಡಕ ಇಟ್ಟರು. ಒಳಗಿನಿಂದ ಮೇಡಂ ಮಗಳು ತನ್ವಿ ಬಂದಳು. ಎರಡು ಸಲ ಮಗುವನ್ನು ಹೊಟ್ಟೆಯಲ್ಲೇ ಕಳೆದುಕೊಂಡವಳು. ಈಗ ಆರನೆಯ ತಿಂಗಳು ಎಂದು ವಿಭಾಗದಲ್ಲೆಲ್ಲ ಗೊತ್ತಿತ್ತು. ಕೈಯಲ್ಲಿ ಮುಚ್ಚಳ ತೆಗೆದ ಸ್ಟೀಲಿನ ಡಬ್ಬಿ. ಅವಳು ಕುಶಲಾಳ ಮುಖ ನೋಡಲಿಲ್ಲ. ಡಬ್ಬಿಯನ್ನು ಮಣೆಯ ಎದುರು ಇಟ್ಟು, ನೊಣ ಓಡಿಸುವವಳ ಹಾಗೆ ಅದರ ಸುತ್ತ ಕೈ ಆಡಿಸಿದಳು. ಒಂದು ಸಲ, ಇನ್ನೊಂದು ಸಲ, ಮತ್ತೊಂದು. ನೊಣ ಇರಲಿಲ್ಲ.

"ಪಾಯಸ. ಇವತ್ತು ಮನೆಯಲ್ಲಿ ಸಣ್ಣ ಪೂಜೆ ಇತ್ತು," ಎಂದರು ಮೇಡಂ. "ಖಾಲಿ ಹೊಟ್ಟೆಯಲ್ಲಿ ಬಂದಿದ್ದೀ. ಮೊದಲು ತಿನ್ನು. ತಿನ್ನುವಷ್ಟರಲ್ಲಿ ಸಹಿ ಮಾಡಿ ಕೊಡ್ತೇನೆ."

ಕುಶಲಾ ಮೊದಲ ತುತ್ತು ಬಾಯಿಗಿಟ್ಟಳು. ಬೆಲ್ಲ, ತೆಂಗಿನ ಹಾಲು, ಏಲಕ್ಕಿ. ಆಮೇಲೆ ನಾಲಿಗೆಗೆ ಕೂದಲು ಸಿಕ್ಕಿತು. ಅಡುಗೆಯಲ್ಲಿ ಕೂದಲು ಯಾರ ಮನೆಯಲ್ಲೂ ಬರುತ್ತದೆ ಎಂದುಕೊಂಡಳು. ದವಡೆಯ ಸಂದಿಯಲ್ಲಿ ಏನೋ ಗಟ್ಟಿಯಾದದ್ದು ಕಟಕ್ಕೆಂದಿತು. ಅಕ್ಕಿಯ ನುಚ್ಚಲ್ಲ. ಬಾಗಿದ ಒಂದು ಚೂರು. ನಾಲಿಗೆಯ ತುದಿಗೆ ಅದರ ಎರಡು ಕೊನೆಗಳೂ ಚುಚ್ಚಿದವು.

ಅವಳು ತಲೆ ಎತ್ತಿದಳು. ಮೇಡಂ ಅವಳ ಕಣ್ಣು ನೋಡುತ್ತಿರಲಿಲ್ಲ. ಗಂಟಲು ನೋಡುತ್ತಿದ್ದರು.

"ನುಂಗು ಮಗಾ."

ಕಿಟಕಿಯ ಕಟ್ಟೆಯಲ್ಲಿ ಗಾಳಿಗೆ ಹಾಳೆಗಳ ಮೂಲೆ ಎದ್ದೆದ್ದು ಬೀಳುತ್ತಿತ್ತು. ಉಗುಳಿದರೆ ಆ ಹಾಳೆಗಳು ಹಾಗೆಯೇ ಇರುತ್ತವೆ. ಕುಶಲಾ ನುಂಗಿದಳು.

"ಹೋಯ್ತಾ?"

"ಹೋಯ್ತು ಮೇಡಂ."

ಒಳಗೆ ಯಾರೋ ಮುದುಕಿ ದೇವರ ಹೆಸರು ಹೇಳಿದ್ದು ಕೇಳಿಸಿತು. ತನ್ವಿ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಸರಸರನೆ ಒಳಗೆ ನಡೆದಳು. ಮೇಡಂ ಕನ್ನಡಕ ಹಾಕಿಕೊಂಡರು. ಹಾಳೆ ಎತ್ತಿದರು. ನಾಲಿಗೆ ಕಚ್ಚಿಕೊಂಡರು.

"ಅಯ್ಯೋ, ಸೀಲು ಕಾಲೇಜಲ್ಲೇ ಉಂಟಲ್ಲ. ಸೀಲಿಲ್ಲದ ಸಹಿ ತಕೊಂಡು ನೀನೆಂತ ಮಾಡ್ತೀ. ಗುರುವಾರ ತಂಡ ಹೋಗ್ಲಿ. ನೀನು ಆ ದಿನ ಚಂದ ಮಾತಾಡು. ಐದಕ್ಕೂ ಒಟ್ಟಿಗೆ ಹಾಕ್ತೇನೆ."

ಕುಶಲಾ ಎದ್ದಳು. ಡಬ್ಬಿಗೆ ಮುಚ್ಚಳ ಹಾಕಿ, ನಳ್ಳಿಯ ಕಡೆ ಒಯ್ದಳು. ವಾಡಿಕೆಯಂತೆ ತೊಳೆದಿಡಲು.

"ತೊಳೆಯುದು ಬೇಡ," ಮೇಡಂ ಧ್ವನಿ ಒಮ್ಮೆಲೇ ಎತ್ತರಕ್ಕೆ ಹೋಯಿತು. ಮತ್ತೆ ಇಳಿಯಿತು. "ಇರಲಿ. ಡಬ್ಬಿ ನೀನೇ ಇಟ್ಟುಕೊ. ಇಲ್ಲಿಗೆ ತರಬೇಡ."

ಒಂದು ಪ್ಲಾಸ್ಟಿಕ್ ಚಮಚ ಕಾಣದಿದ್ದರೆ ವಿಭಾಗದ ಎಲ್ಲರ ಚೀಲ ತಡಕಾಡಿಸುವ ಹೆಂಗಸು ಅವರು. ಕುಶಲಾಳಿಗೆ ಆ ಕ್ಷಣ ಪುಟದ ಸಂಖ್ಯೆ ಕೂಡ ನೆನಪಾಯಿತು. ನೂರಾ ಹನ್ನೆರಡು. ಮೇಲಿನಿಂದ ಮೂರನೆಯ ಸಾಲು. ಅವಳದೇ ವಾಕ್ಯ.

ಪರ್ಕಳ ದಾಟಿತು, ಹಿರಿಯಡ್ಕ ದಾಟಿತು. ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಕುಶಲಾ ನಾಲಿಗೆಯಿಂದ ಒಂದೊಂದೇ ಹಲ್ಲಿನ ಸಂದಿಯನ್ನು ತಡವುತ್ತಲೇ ಇದ್ದಳು. ವಾಂತಿ ಬರಲಿಲ್ಲ. ಬಂದರೆ ಒಳ್ಳೆಯದಿತ್ತು. ಹೊಟ್ಟೆ ಅದನ್ನು ಒಳ್ಳೆಯ ಊಟದ ಹಾಗೆ ಇಟ್ಟುಕೊಂಡುಬಿಟ್ಟಿತ್ತು. ಆ ನಂಬಿಗಸ್ತ ಹೊಟ್ಟೆಯ ಮೇಲೆಯೇ ಅವಳಿಗೆ ಸಿಟ್ಟು ಬಂತು. ಕಾರ್ಕಳದಲ್ಲಿ ಇಳಿದು ಬಜಗೋಳಿಯ ಬಸ್ಸು ಹಿಡಿದಳು. ಡಬ್ಬಿ ತೊಡೆಯ ಮೇಲೆ ಬೆಚ್ಚಗಿತ್ತು.

ಕಾಲೊನಿಯ ಮನೆಯ ಅಂಗಳದಲ್ಲಿ ಅಪ್ಪಿ ಕೈಕಾಲು ತೊಳೆಯುತ್ತಿದ್ದಳು.

"ಎಂತ ಡಬ್ಬಿ ಅದು? ಸಹಿ ಸಿಕ್ಕಿತಾ?"

"ಪಾಯಸ ಕೊಟ್ಟರು."

"ಅವಳಾ? ಆ ಹೆಂಗಸು ನಾಯಿಗೆ ತಂಗಳು ಹಾಕಬೇಕಾದ್ರೂ ಯೋಚನೆ ಮಾಡ್ತದೆ." ಅಪ್ಪಿ ನಗುತ್ತಾ ಮುಚ್ಚಳ ತೆಗೆದಳು. ಬೆರಳಿನಲ್ಲಿ ಒಮ್ಮೆ ಕಲಸಿದಳು. ಆ ಬೆರಳಿಗೆ ಹುಡುಕುವುದು ಗೊತ್ತಿತ್ತು. ನಗು ಹೋಯಿತು.

"ಎಷ್ಟು ನುಂಗಿದೆ?"

"ಒಂದು ತುತ್ತು."

"ಹಿಂಬಾಗಿಲಲ್ಲಾ?"

"ಹೌದು."

"ನೋಡ್ತಾ ನಿಂತಿದ್ದಳಾ?"

ಕುಶಲಾ ಬೆರಳಿನಿಂದ ತನ್ನ ಗಂಟಲು ತೋರಿಸಿದಳು. ಅಪ್ಪಿ ಅಂಗಳದ ಕಲ್ಲಿನ ಮೇಲೆ ಕೂತಳು.

"ಬೇವರ್ಸಿ ರಂಡೆ," ಎಂದಳು, ಕೂಗದೆ, ಉಸಿರು ಬಿಟ್ಟ ಹಾಗೆ. "ನಾನು ಯಾರಿಗೂ ಹೇಳಿದವಳಲ್ಲ. ನಿನ್ನ ಅಪ್ಪನಿಗೂ ಹೇಳಿದವಳಲ್ಲ. ನಿನಗೆ ಹೇಳಿದೆ. ನೀನು ಬರೆದೆ. ಅವಳು ಓದಿದಳು. ಕಳೆದುಹೋದದ್ದನ್ನು ನಾವೇ ತೆಗೆದು ಅವಳ ಕೈಗೆ ಕೊಟ್ಟೆವು, ಹೀಗೆ ಹೀಗೆ ಮಾಡಬೇಕು ಅಂತ."

"ಅಮ್ಮ."

"ನಾನು ತಿಂದ ವರ್ಷ ಅವರಿಗೆ ಗಂಡು ಹುಟ್ಟಿತು. ನನ್ನ ಹೊಟ್ಟೆಯಲ್ಲಿದ್ದದ್ದು ಹೋಯ್ತು. ನೀನು ಹುಟ್ಟುವ ಮೊದಲು. ಅದು ಅದರಿಂದ ಅಂತ ನಾನು ನಂಬುದಿಲ್ಲ. ಹೊಟ್ಟೆಗಿಲ್ಲದೆ ಹೋದದ್ದು. ಆದರೂ ಆ ಮನೆಯ ಹುಡುಗನನ್ನು ಪೇಟೆಯಲ್ಲಿ ಕಂಡಾಗ ನನ್ನದನ್ನು ಕಂಡ ಹಾಗೆ ಆಗ್ತದೆ. ಕಸ ಗುಡಿಸುವಾಗ ಅವನ ಕಾರಿನ ಹಾರ್ನು ನನಗೆ ಗುರುತುಂಟು." ಅವಳು ಡಬ್ಬಿಯನ್ನು ಎತ್ತಿ ತೋಡಿನ ನೀರಿನ ಕಡೆಗೆ ಹೊರಟಳು. ಕುಶಲಾ ಅದನ್ನು ಕಿತ್ತುಕೊಂಡಳು.

"ಬಿಸಾಡ್ಬೇಡ."

"ಮತ್ತೆಂತ, ಬೆಳಿಗ್ಗೆ ತಿನ್ನಲಿಕ್ಕಾ?"

"ಇರಲಿ."

ಅಪ್ಪಿ ಬೆರಳನ್ನು ಸೀರೆಗೆ ಒರೆಸಿಕೊಂಡಳು. "ಕೇಳು. ಗುರುವಾರ ಬಾಯಿ ಮುಚ್ಚಿಕೊಂಡಿರು. ಸಹಿ ಸಿಗಲಿ. ಆಮೇಲೆ ಅವಳ ಮುಖಕ್ಕೆ ಉಗಿ. ನಾನೂ ಬಂದು ಉಗೀತೇನೆ. ನುಂಗಿ ಆಯ್ತಲ್ಲ, ಇನ್ನು ಎರಡು ದಿನ. ನುಂಗಿದ್ದಕ್ಕೆ ಬೆಲೆಯಾದರೂ ಬರಲಿ."

ಕುಶಲಾ ಹೂಂ ಎಂದಳು. ಅಮ್ಮ ಹೇಳಿದ್ದು ತಪ್ಪೆಂದು ಅವಳಿಗೆ ಅನಿಸಲಿಲ್ಲ. ಅಮ್ಮ ಇಷ್ಟು ವರ್ಷ ಬದುಕಿದ್ದು ಹಾಗೆಯೇ.

ಬುಧವಾರ ಇಡೀ ದಿನ ಕಾಲೇಜು ತೊಳೆದರು. ಕಪಾಟಿನ ಗಾಜನ್ನು ಕುಶಲಾ ಹಳೆಯ ಪತ್ರಿಕೆಯಿಂದ ಉಜ್ಜಿದಳು. ಅಟೆಂಡರ್ ವಿಠಲ ಏಣಿಯ ಮೇಲಿಂದ ಕೂಗಿದ. "ಏ ಡಾಕ್ಟ್ರೇ, ಆ ಡೋಲನ್ನು ಹೊರಗೆ ತೆಗಿ. ತಂಡ ಬರುವಾಗ ಗೇಟಿನಲ್ಲಿ ಬಡಿ. ನಿಮ್ಮವರದ್ದೇ ಕೆಲಸ ಅಲ್ವಾ."

"ನೀವು ಕುಣಿಯುದಾದ್ರೆ ಬಡೀತಾಳೆ ವಿಠಲಣ್ಣ," ಎಂದಳು ಲೊರ್ನಾ. ಆಮೇಲೆ ಧ್ವನಿ ತಗ್ಗಿಸಿದಳು. "ನಿನಗೆ ಎಂತ ಆಗಿದೆ? ಬೆಳಿಗ್ಗೆಯಿಂದ ನೀರು ಕೂಡ ಕುಡಿಯಲಿಲ್ಲ ನೀನು."

ಕುಶಲಾ ಹೇಳಿದಳು. ಸಣ್ಣದಾಗಿ, ಗಾಜು ಉಜ್ಜುತ್ತಲೇ. ಲೊರ್ನಾಳ ಕೈಯ ಬಟ್ಟೆ ನಿಂತಿತು. ಅವಳು, "ಯಾರಿಗೂ ಹೇಳ್ಬೇಡ. ನನ್ನ ಸಹಿಯೂ ಬಾಕಿ ಉಂಟು," ಎಂದಳು. ಹೇಳಿ ತಾನೇ ಮುಖ ತಿರುಗಿಸಿದಳು.

ಗುರುವಾರ ಬೆಳಿಗ್ಗೆ ಕುಶಲಾ ಎಲ್ಲರಿಗಿಂತ ಮೊದಲು ಬಂದು ಕಪಾಟಿನ ಬೀಗ ತೆಗೆದಳು.

ಹನ್ನೊಂದಕ್ಕೆ ತಂಡ ಬಂತು. ಮೂವರು. ಮುಖ್ಯಸ್ಥರು ಧಾರವಾಡದ ಕಡೆಯ ಹಿರಿಯರು. ಜೊತೆಗೆ ಮಧ್ಯವಯಸ್ಸಿನ ಹೆಂಗಸೊಬ್ಬರು ಮತ್ತು ಬರೆದುಕೊಳ್ಳುತ್ತಲೇ ಇರುವ ಇನ್ನೊಬ್ಬರು. ಪ್ರಾಂಶುಪಾಲರು ಕೈಮುಗಿದುಕೊಂಡೇ ನಡೆಯುತ್ತಿದ್ದರು. ವಿನೋದಿನಿ ಮೇಡಂ ಜರಿಯಂಚಿನ ಸೀರೆಯಲ್ಲಿ ಮುಂದೆ ಮುಂದೆ ಇದ್ದರು. ಕುಶಲಾಳ ಭುಜದ ಮೇಲೆ ಕೈಯಿಟ್ಟು ತೋರಿಸಿದರು. ಆರು ವರ್ಷದಲ್ಲಿ ಮೊದಲ ಸಲ ಆ ಕೈ ಅವಳನ್ನು ಮುಟ್ಟಿತು.

"ಇವಳೇ ನಮ್ಮ ‘ಮಡಿಲಿ’ನ ಹೆಮ್ಮೆ. ಇವಳ ಸಮುದಾಯದ್ದೇ ಸಂಗ್ರಹ ಇದು. ಒಂದೊಂದು ವಸ್ತುವಿಗೂ ಕ್ರಮ ಪ್ರಕಾರ ದಾಖಲೆ ಉಂಟು."

ಮುಖ್ಯಸ್ಥರು ಕಪಾಟಿನೆದುರು ಬಗ್ಗಿದರು. ಬುಟ್ಟಿ ನೋಡಿದರು, ಡೋಲು ನೋಡಿದರು. "ಇದೇನ್ರೀ, ಸ್ಟೀಲ್ ಡಬ್ಬಿ? ಇದೂ ಸಂಸ್ಕೃತೀನಾ?"

ಮೇಡಂ ಕೂಡ ಬಗ್ಗಿದರು. ಭುಜದ ಮೇಲಿನ ಕೈ ಜಾರಿತು.

ಮುಖ್ಯಸ್ಥರು ಕನ್ನಡಕ ಸರಿಮಾಡಿಕೊಂಡು, ಶಾಲೆಯ ಮಗುವಿನ ಹಾಗೆ ನಿಧಾನವಾಗಿ ಗಟ್ಟಿಯಾಗಿ ಓದಿದರು.

"ವಸ್ತು: ಸ್ಟೀಲಿನ ಡಬ್ಬಿ, ಒಳಗೆ ಬೆಲ್ಲದ ಪಾಯಸ, ಕೂದಲು, ಉಗುರಿನ ಚೂರುಗಳು. ದೊರೆತ ಸ್ಥಳ: ಮಣಿಪಾಲ, ಮನೆಯ ಹಿಂದಿನ ಜಗಲಿ. ಕಾಲ: ಇದೇ ಮಂಗಳವಾರ, ಸಂಜೆ ನಾಲ್ಕೂವರೆ. ಬಳಕೆ: ಬಸುರಿಯ ಕಂಟಕ ಕಳೆಯಲು ಕೊರಗರಿಗೆ ತಿನ್ನಿಸುವುದು. ಒಂದು ತುತ್ತು ಬಳಕೆಯಾಗಿದೆ. ಸಂಗ್ರಹಿಸಿದವರು: ಕುಶಲಾ, ಸಂಶೋಧನಾ ವಿದ್ಯಾರ್ಥಿನಿ. ನೀಡಿದವರು…"

ಅವರು ಚೀಟಿಯಿಂದ ಕಣ್ಣೆತ್ತಿ ಮೇಡಂ ಕಡೆ ನೋಡಿದರು. ಹಿಂದೆ ಪ್ರಾಂಶುಪಾಲರ ಮುಗಿದ ಕೈ ಮುಗಿದೇ ಇತ್ತು.

ಮೇಡಂ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬೇಸರದಿಂದ ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರೂ ಬಂತು. "ಸರ್, ಇದನ್ನು ನಿಮ್ಮೆದುರು ಹೇಳಬಾರದು ಅಂತ ಇದ್ದೆ. ಪಾಪದ ಹುಡುಗಿ. ಮಾನಸಿಕವಾಗಿ ಸರಿ ಇಲ್ಲ. ಎಲ್ಲರ ಮೇಲೂ ಅನುಮಾನ, ಭ್ರಮೆ. ಎರಡು ವರ್ಷದಿಂದ ನಾನೇ ಕೂರಿಸಿ ಮಾತಾಡಿಸ್ತಾ ಇದ್ದೇನೆ. ಡೈರಿಯಲ್ಲಿ ಎಲ್ಲ ದಾಖಲಾಗಿದೆ. ಅವಳದೇ ಕೈಬರಹ, ನೋಡಿ."

ಡೈರಿ ಕೈಯಿಂದ ಕೈಗೆ ಹೋಯಿತು. ತಂಡದ ಹೆಂಗಸು ಪುಟ ತೆರೆದು ಓದಿದರು. ಕುಶಲಾಳ ಕಡೆ ನೋಡಿದರು. ಆ ನೋಟದಲ್ಲಿ ಕನಿಕರ ಇತ್ತು.

"ಇದು ನಿಮ್ಮ ಸಹಿಯೇ ಏನಮ್ಮಾ?"

"ನನ್ನದೇ."

"ಹಾಗಾದರೆ…"

ಕುಶಲಾ ಲೊರ್ನಾಳ ಕಡೆ ನೋಡಿದಳು. ಲೊರ್ನಾ ಗೋಡೆಗೆ ಅಂಟಿಸಿದ ‘ನೀನು ಒಬ್ಬನೇ ಅಲ್ಲ’ ಎಂಬ ಭಿತ್ತಿಪತ್ರವನ್ನು ಓದುತ್ತಿದ್ದಳು. ಮೇಡಂ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಕಪಾಟಿನ ಮೇಲೆ ಐದು ಆಕಾಶನೀಲಿ ಬೆನ್ನುಗಳು ಸಾಲಾಗಿ ಕಾಣುತ್ತಿದ್ದವು. ಮೇಡಂ ಕೂಡ ಅತ್ತ ನೋಡಿದರು. ಕುಶಲಾಳಿಗೆ ಕಾಣುವ ಹಾಗೆಯೇ ನೋಡಿದರು.

"ಮಗಾ, ಅದನ್ನು ತೆಗೆದು ಹೊರಗಿಡು. ತಪ್ಪಾಯ್ತು ಅಂತ ಹೇಳು. ನಾನು ನಿನ್ನ ಕೈ ಬಿಡುದಿಲ್ಲ."

ಕುಶಲಾ ಗಾಜಿನ ಬಾಗಿಲು ಸರಿಸಿದಳು. ಡಬ್ಬಿಯನ್ನು ಹೊರಗೆ ತೆಗೆದಳು. ಮೇಡಂ ಉಸಿರು ಬಿಟ್ಟರು. ಅವಳು ಅದನ್ನು ಮೇಜಿನ ಮೇಲೆ, ತಂಡದವರಿಗೆಂದು ಇಟ್ಟಿದ್ದ ಗೋಡಂಬಿಯ ತಟ್ಟೆಯ ಪಕ್ಕದಲ್ಲಿಟ್ಟು ಮುಚ್ಚಳ ಎಬ್ಬಿಸಿದಳು.

ಎರಡು ದಿನದ ಸೆಖೆಯಲ್ಲಿ ಹುಳಿದ ಪಾಯಸ ನೊರೆಯೆದ್ದಿತ್ತು. ವಾಸನೆ ಕೋಣೆಯನ್ನು ತುಂಬಿತು. ಬರೆದುಕೊಳ್ಳುತ್ತಿದ್ದವರು ಪೆನ್ನು ಬಿಟ್ಟು ಕರವಸ್ತ್ರ ಹುಡುಕಿದರು. ನೊರೆಯ ಮೇಲೆ ಉದ್ದನೆಯ ಕೂದಲುಗಳು ಸುರುಳಿ ಸುತ್ತಿ ತೇಲುತ್ತಿದ್ದವು. ಅವುಗಳ ತುದಿಯಲ್ಲಿ ಕಂದು ಬಣ್ಣ ಹಚ್ಚಿದ್ದು ಕಾಣುತ್ತಿತ್ತು, ಈಗಿನ ಪಾರ್ಲರುಗಳಲ್ಲಿ ಹಚ್ಚುವಂಥದ್ದು. ಕುಶಲಾಳ ಜಡೆ ಕಪ್ಪು. ಬೆನ್ನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇತ್ತು.

ಅವಳು ಕಪಾಟಿನೊಳಗಿಂದ ಚೀಟಿಯನ್ನು ತೆಗೆದು ಮೇಡಂ ಎದುರು ಇಟ್ಟಳು. ಪೆನ್ನಿನ ಮುಚ್ಚಳ ತೆಗೆದು ಚಾಚಿದಳು.

"ಸಹಿ ಇಲ್ಲದೆ ಒಳಗೆ ಇಡಬಾರದಿತ್ತು. ನನ್ನದು ತಪ್ಪೇ. ನೀಡಿದವರ ಸಹಿ ಬಾಕಿ ಉಂಟು ಮೇಡಂ."

ಮೇಡಂ ಕೈ ಎರಡೂ ಸೀರೆಯ ಸೆರಗಿನೊಳಗೆ ಹೋಗಿದ್ದವು. ಕುಶಲಾ ಕಾದಳು. ಆಮೇಲೆ ಪೆನ್ನನ್ನು ಕೆಳಗಿಟ್ಟು, ಮೇಜಿನ ಸೆಳೆಖಾನೆಯಿಂದ ಶಾಯಿಯ ಡಬ್ಬಿ ತೆಗೆದು ತೆರೆದಳು. ಒಣಗಿತ್ತು. ಎರಡು ಹನಿ ನೀರು ಹಾಕಿ, ಅಮ್ಮನ ಹೆಬ್ಬೆಟ್ಟಿನ ಗುರುತು ಇನ್ನೂ ಉಳಿದಿದ್ದ ಆ ನೇರಳೆ ಶಾಯಿಯನ್ನು ಮೇಡಂ ಕಡೆಗೆ ಸರಿಸಿದಳು.

"ಹೆಬ್ಬೆಟ್ಟಾದ್ರೂ ಆಗ್ತದೆ. ಅಥೆಂಟಿಕ್ ಆಗಿರ್ತದೆ."